ಗೇಮಿಂಗ್ ಲ್ಯಾಪ್‌ಟಾಪ್ 97 ಡಿಗ್ರಿ, ಫ್ಯಾನ್ ಸಪ್ಪಳ ಬೇರೆ: ಎಲ್ಲಿಂದ ಸುರು ಮಾಡ್ಬೇಕ್ರಿ?

ಬಿಸಿಲೂರು (ಕಲಬುರಗಿ) ಕೇಳಿದ್ದು:

ನಮಸ್ಕಾರ್ರಿ ಎಲ್ಲರಿಗೂ. 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಅದ. ಪ್ರೊಸೆಸರ್ (ಸಿಪಿಯು) ಇಂಟೆಲ್ ಕೋರ್ ಐ7-12700ಎಚ್, ಗ್ರಾಫಿಕ್ಸ್ ಚಿಪ್ (ಜಿಪಿಯು) ಎನ್‌ವಿಡಿಯಾ ಆರ್‌ಟಿಎಕ್ಸ್ 3060 (6 ಜಿಬಿ), 16 ಜಿಬಿ ರ‍್ಯಾಮ್, 144 ಹರ್ಟ್ಸ್ ಪರದೆ, ವಿಂಡೋಸ್ 11. ತಗೊಂಡು ಎರಡೂವರೆ ವರ್ಷ ಆಗ್ಯದ, ಒಮ್ಮೆನೂ ಬಿಚ್ಚಿಲ್ಲ. ಕೋಣಿಯೊಳಗ ಮಧ್ಯಾಹ್ನ 36 ಡಿಗ್ರಿ ಇರ್ತದ. ಎಸಿ ಇಲ್ಲ.

ಪರ್ಫಾರ್ಮೆನ್ಸ್ ಮೋಡ್‌ನಾಗ ಅರ್ಧ ತಾಸು ಆಡಿದ ಮ್ಯಾಲ ಎಚ್‌ಡಬ್ಲ್ಯೂಇನ್ಫೊ (ಬಿಸಿ, ವ್ಯಾಟ್ ತೋರಿಸೋ ತಂತ್ರಾಂಶ) ತೋರಿಸಿದ್ದು ಇದು:

ಸಿಪಿಯು 97 ಡಿಗ್ರಿ, 70ರಿಂದ 80 ವ್ಯಾಟ್
ಜಿಪಿಯು 86 ಡಿಗ್ರಿ, 105 ವ್ಯಾಟ್
ಎರಡೂ ಫ್ಯಾನ್ 5400 ಆರ್‌ಪಿಎಂ (ನಿಮಿಷಕ್ಕ ಸುತ್ತು)
ಆಟದಾಗ 110ರಿಂದ 130 ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್)

ಸಪ್ಪಳ ಅಂದ್ರ ವಿಮಾನ ಏರಿದಂಗ. ಇನ್ನೊಂದು, ಆಟ ಇಲ್ಲದಾಗ ಬರೇ ಬ್ರೌಸರ್ ತೆರೆದ್ರೂ ಫ್ಯಾನ್ ಒಮ್ಮೆ ಏರ್ತದ, ಒಮ್ಮೆ ಇಳಿತದ. ಅದು ಇನ್ನೂ ತಲಿನೋವು. ಕೂಲಿಂಗ್ ಪ್ಯಾಡ್ ತಗೋಬೇಕೊ, ಚಿಪ್ ಮ್ಯಾಲಿನ ಥರ್ಮಲ್ ಪೇಸ್ಟ್ (ಬಿಸಿ ದಾಟಿಸೋ ಮುಲಾಮು) ಬದಲಿ ಮಾಡಿಸ್ಬೇಕೊ, ಸೆಟ್ಟಿಂಗ್‌ನಾಗೇ ಆಗ್ತದೊ?


ವ್ಯಾಟ್‌ಲೆಕ್ಕ ಉತ್ತರಿಸಿದ್ದು:

97 ನೋಡಿ ಗಾಬರಿ ಬೇಡ. 12700ಎಚ್‌ಗೆ ಇಂಟೆಲ್ ಕೊಟ್ಟಿರುವ ಮಿತಿ 100 ಡಿಗ್ರಿ. ಅದರ ಹತ್ತಿರ ಹೋದ ಕೂಡಲೇ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟುಹೋಗುವುದಿಲ್ಲ. ಆದರೆ ಆಟದ ನಡುವೆ ಹಾಗೆ ಏರಿ ಇಳಿದರೆ ಫ್ರೇಮ್ ಎಗರುತ್ತದೆ, ಫ್ಯಾನ್ ಅಂತೂ ಕೆಳಗೆ ಬರುವುದೇ ಇಲ್ಲ.

ಡಿಗ್ರಿ ಬಿಟ್ಟು ವ್ಯಾಟ್ ನೋಡಿ. ಸಿಪಿಯು 75, ಜಿಪಿಯು 105, ಒಟ್ಟು 180. ಹಳೆಯ 60 ವ್ಯಾಟಿನ ಬಲ್ಬು ಮೂರನ್ನು ಎರಡೂವರೆ ಸೆಂಟಿಮೀಟರ್ ದಪ್ಪದ ಡಬ್ಬಿಯೊಳಗೆ ಹಚ್ಚಿಟ್ಟ ಲೆಕ್ಕ ಅದು. ಮೇಲಿಂದ ಕೋಣೆ 36. ಒಳಗಿನ ಉಷ್ಣತೆ ಯಾವಾಗಲೂ ಕೋಣೆಯ ಉಷ್ಣತೆಯ ಮೇಲೆಯೇ ಕೂರುತ್ತದೆ. ಇದೇ 105 ವ್ಯಾಟಿಗೆ, ಇದೇ ಫ್ಯಾನ್ ವೇಗಕ್ಕೆ, 25 ಡಿಗ್ರಿಯ ಕೋಣೆಯಲ್ಲಿ ನಿಮ್ಮ ಜಿಪಿಯು 75ರ ಆಸುಪಾಸು ಇರುತ್ತಿತ್ತು. ವಿಡಿಯೊ ವಿಮರ್ಶೆಗಳಲ್ಲಿ ಕಾಣುವ ಅಂಕಿಗಳ ಜೊತೆ ಹೋಲಿಸಿ ಬೇಸರ ಮಾಡಿಕೊಳ್ಳಬೇಡಿ, ಅವು ಎಸಿ ಕೋಣೆಯವು.

ಫ್ಯಾನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಸ್ವಲ್ಪ ವ್ಯಾಟ್ ಇಳಿಸಿದರೆ ಸದ್ದು ಎಷ್ಟು ಇಳಿಯುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಫ್ಯಾನ್ ತಳ್ಳುವ ಗಾಳಿ ವೇಗಕ್ಕೆ ತಕ್ಕಷ್ಟೇ ಇಳಿಯುತ್ತದೆ, ಆದರೆ ಸದ್ದು ಅದಕ್ಕಿಂತ ಬಹಳ ಬೇಗ ಬೀಳುತ್ತದೆ: ವೇಗ ಅರ್ಧವಾದರೆ ಹತ್ತಿರ ಹತ್ತಿರ 15 ಡೆಸಿಬೆಲ್. 5400ರಿಂದ 4300ಕ್ಕೆ ಬಂದರೆ ಗಾಳಿ ಐದನೇ ಒಂದು ಭಾಗ ಕಡಿಮೆ, ಸದ್ದು ಸುಮಾರು 5 ಡೆಸಿಬೆಲ್ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಹಾಗಾಗಿ ಕೊನೆಯ ಆ 1000 ಆರ್‌ಪಿಎಂ ತಪ್ಪಿಸುವುದೇ ನಮ್ಮ ಗುರಿ.

ಈ ಕ್ರಮದಲ್ಲೇ ಮಾಡಿ, ಕ್ರಮ ತಪ್ಪಿಸಬೇಡಿ.

ಒಂದು, ಫ್ರೇಮ್‌ಗೆ ಮಿತಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್, ಮ್ಯಾನೇಜ್ 3ಡಿ ಸೆಟ್ಟಿಂಗ್ಸ್, ಅದರೊಳಗೆ ಮ್ಯಾಕ್ಸ್ ಫ್ರೇಮ್ ರೇಟ್. ಒಬ್ಬರೇ ಆಡುವ ದೊಡ್ಡ ಆಟಗಳಿಗೆ 72 ಹಾಕಿ. 60 ಯಾಕೆ ಬೇಡ ಅಂದರೆ, 144 ಹರ್ಟ್ಸ್ ಪರದೆಗೆ 72 ಸರಿಯಾಗಿ ಅರ್ಧ. ಪ್ರತಿ ಫ್ರೇಮ್ ಪರದೆಯ ಎರಡು ಸುತ್ತು ನಿಲ್ಲುತ್ತದೆ, ಚಲನೆ ನಯವಾಗಿರುತ್ತದೆ. 60 ಹಾಕಿದರೆ ಕೆಲವು ಫ್ರೇಮ್ ಎರಡು ಸುತ್ತು, ಕೆಲವು ಮೂರು, ಕಣ್ಣಿಗೆ ತಡವರಿಸಿದಂತೆ ಕಾಣುತ್ತದೆ. ಪರದೆಗೆ ಜಿ-ಸಿಂಕ್ (ಪರದೆಯ ಸುತ್ತನ್ನು ಫ್ರೇಮ್‌ಗೆ ಹೊಂದಿಸುವ ವ್ಯವಸ್ಥೆ) ಇದ್ದರೆ ಈ ತಕರಾರಿಲ್ಲ, 80 ಅಥವಾ 90 ಹಾಕಿದರೂ ನಡೆಯುತ್ತದೆ. ಅಲ್ಲೇ ಬ್ಯಾಕ್‌ಗ್ರೌಂಡ್ ಅಪ್ಲಿಕೇಶನ್ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ, ಅದನ್ನು 20 ಮಾಡಿ. ವ್ಯಾಲೊರಂಟ್ ಥರದ ಆಟ ಆಡುವವರಾದರೆ ಆಟದ ವಿಡಿಯೊ ಸೆಟ್ಟಿಂಗಿನಲ್ಲೇ ಮೆನುವಿಗೆ ಬೇರೆ ಮಿತಿ ಇಡಬಹುದು, 60 ಇಡಿ. ಸುಮ್ಮನೆ ಮೆನು ತೆರೆದು ಕೂತಾಗ 300 ಎಫ್‌ಪಿಎಸ್ ಓಡಿಸಿ ಏನೂ ಪ್ರಯೋಜನವಿಲ್ಲ.

ಎರಡು, ಸಿಪಿಯು ವ್ಯಾಟ್. 12700ಎಚ್‌ನ ಮೂಲ ಶಕ್ತಿ 45 ವ್ಯಾಟ್, ಟರ್ಬೊದಲ್ಲಿ (ತಾತ್ಕಾಲಿಕವಾಗಿ ವೇಗ ಏರಿಸಿಕೊಂಡಾಗ) 115ರವರೆಗೆ ಹೋಗಬಲ್ಲದು. ಬಹುತೇಕ ಆಟಗಳಿಗೆ 45ರ ಒಳಗೆ ಸಾಕು. ಲ್ಯಾಪ್‌ಟಾಪ್ ಕಂಪನಿಯ ತಂತ್ರಾಂಶದಲ್ಲಿ ಕಸ್ಟಮ್ ಮೋಡ್ ಇದ್ದರೆ ಅಲ್ಲೇ ಪಿಎಲ್1 ಅನ್ನು 45, ಪಿಎಲ್2 ಅನ್ನು 60 ಮಾಡಿ. ಇಲ್ಲದಿದ್ದರೆ ಥ್ರಾಟಲ್‌ಸ್ಟಾಪ್ ಅನ್ನುವ ತಂತ್ರಾಂಶ, ಅದರಲ್ಲಿ ಟಿಪಿಎಲ್ ಗುಂಡಿ. ಪಿಎಲ್1 ಅಂದರೆ ದೀರ್ಘಕಾಲ ಎಳೆಯಬಹುದಾದ ಶಕ್ತಿ, ಪಿಎಲ್2 ಅಂದರೆ ಕೆಲವು ಸೆಕೆಂಡುಗಳ ಓಟಕ್ಕೆ. ಇಷ್ಟಕ್ಕೂ ಏರಿಳಿತ ನಿಲ್ಲದಿದ್ದರೆ ಟರ್ಬೊ ರೇಶಿಯೊ ಲಿಮಿಟ್ಸ್‌ನಲ್ಲಿ ಪಿ-ಕೋರ್‌ಗಳನ್ನು (ಸಿಪಿಯುನ ವೇಗದ ಕೋರ್‌ಗಳು) 38ಕ್ಕೆ ಇಳಿಸಿ, ಅಂದರೆ 3.8 ಗಿಗಾಹರ್ಟ್ಸ್.

ಮೊದಲು ಫ್ರೇಮ್ ಮಿತಿ, ಆಮೇಲೆ ಸಿಪಿಯು ಅಂದಿದ್ದಕ್ಕೆ ಕಾರಣ ಡೈನಾಮಿಕ್ ಬೂಸ್ಟ್. ನಿಮ್ಮ 3060 ಸೇರುವ ಎನ್‌ವಿಡಿಯಾ 30 ಸರಣಿಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಪಿಯು ಬಿಟ್ಟುಕೊಟ್ಟ ಶಕ್ತಿಯಲ್ಲಿ 15 ವ್ಯಾಟಿನವರೆಗೆ ಜಿಪಿಯುಗೆ ಹೋಗುತ್ತದೆ, 40 ಸರಣಿಯಲ್ಲಿ 25ರವರೆಗೆ. ಫ್ರೇಮ್ ಮಿತಿ ಇಲ್ಲದೆ ಸಿಪಿಯು ಮಾತ್ರ ಇಳಿಸಿದರೆ ನೀವು ಉಳಿಸಿದ್ದನ್ನು ಜಿಪಿಯು ತಿಂದು ತೇಗುತ್ತದೆ. ಫ್ಯಾನ್ ಅಲ್ಲೇ ಇರುತ್ತದೆ.

ಮೂರು, ಜಿಪಿಯು ವೋಲ್ಟೇಜ್. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಯಾವ ಕಂಪನಿಯ ಲ್ಯಾಪ್‌ಟಾಪ್‌ನಲ್ಲಾದರೂ ಓಡುತ್ತದೆ. ಪವರ್ ಲಿಮಿಟ್ ಪಟ್ಟಿ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅಲುಗುವುದಿಲ್ಲ, ಅದರ ತಂಟೆಗೆ ಹೋಗದೆ ಕಂಟ್ರೋಲ್ ಮತ್ತು ಎಫ್ ಒತ್ತಿ. ವೋಲ್ಟೇಜ್-ವೇಗದ ಗೆರೆ ತೆರೆಯುತ್ತದೆ. ಕೆಳಗಿನ ಅಂಚಿನಲ್ಲಿ 800 ಮಿಲಿವೋಲ್ಟ್ ಇರುವ ಚುಕ್ಕಿಯನ್ನು ಹಿಡಿದು 1700 ಮೆಗಾಹರ್ಟ್ಸ್‌ಗೆ ಎತ್ತಿ. ಅದರ ಬಲಕ್ಕಿರುವ ಚುಕ್ಕಿಗಳನ್ನೆಲ್ಲ ಶಿಫ್ಟ್ ಒತ್ತಿ ಎಳೆದು ಆಯ್ದುಕೊಂಡು 1700ಕ್ಕಿಂತ ಕೆಳಗೆ ಇಳಿಸಿ. ಟಿಕ್ ಗುರುತು ಒತ್ತಿದರೆ 800ರ ಮುಂದಿನ ಗೆರೆ ಚಪ್ಪಟೆಯಾಗುತ್ತದೆ. ಇನ್ನು ಜಿಪಿಯು 800 ಮಿಲಿವೋಲ್ಟ್ ದಾಟುವುದಿಲ್ಲ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಅದೇ ವೇಗಕ್ಕೆ ಮೊದಲು 900 ಬೇಕಿತ್ತು ಅಂದುಕೊಂಡರೆ, 800ರಲ್ಲಿ ಓಡಿದಾಗ ಕೆಲಸದ ಶಕ್ತಿ ನೂರಕ್ಕೆ 21ರಷ್ಟು ಕಡಿಮೆ.

ಪ್ರತಿ ಚಿಪ್ ಬೇರೆ. ನಿಮ್ಮದು 1700 ತಾಳದೆ ಆಟ ನಿಂತುಹೋದರೆ ಅಥವಾ ಪರದೆಯಲ್ಲಿ ಚುಕ್ಕಿ ಮಿನುಗಿದರೆ 15 ಮೆಗಾಹರ್ಟ್ಸ್ ಲೆಕ್ಕದಲ್ಲಿ ಇಳಿಸುತ್ತ ಬನ್ನಿ. ನಾಲ್ಕೈದು ದಿನ ಆಡಿ ನೋಡುವ ತನಕ ವಿಂಡೋಸ್ ಜೊತೆ ತಾನೇ ಜಾರಿಯಾಗುವ ಗುಂಡಿ ಒತ್ತಲೇಬೇಡಿ. ತಪ್ಪಿದ್ದರೆ ಪ್ರತಿ ಸಲ ಚಾಲೂ ಆದಾಗಲೂ ಅದೇ ತಪ್ಪು ಜಾರಿಯಾಗುತ್ತದೆ.

ಸಿಪಿಯು ವೋಲ್ಟೇಜ್ ಇಳಿಸುವ ಆಸೆ ಬೇಡ. 2019ರ ಕೊನೆಯಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಬಂದ ಮೇಲೆ ಆ ಬಾಗಿಲನ್ನು ಬಹುತೇಕ ಬಯಾಸ್‌ಗಳಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಮುಚ್ಚಿದ್ದಾರೆ. ಥ್ರಾಟಲ್‌ಸ್ಟಾಪ್‌ನ ಎಫ್‌ಐವಿಆರ್ ಕಿಟಕಿಯಲ್ಲಿ ಲಾಕ್ಡ್ ಅಂತ ಕಂಡರೆ ಅಲ್ಲಿಗೆ ಬಿಡಿ. ಬಿ.ಡಿ. ಪ್ರಾಕ್‌ಹಾಟ್ (BD PROCHOT) ಅನ್ನುವ ಚೌಕದ ಟಿಕ್ ಅನ್ನು ಮಾತ್ರ ಯಾವ ವಿಡಿಯೊ ಹೇಳಿದರೂ ತೆಗೆಯಬೇಡಿ. ಬೇರೆ ಭಾಗಗಳು ಕಾದಾಗ ಸಿಪಿಯು ಇಳಿಸುವ ಕಾವಲು ಅದು.


ಗಾಳಿಗಂಟು ಉತ್ತರಿಸಿದ್ದು:

ಇಷ್ಟೆಲ್ಲ ಯಾಕೆ ಗುರು? ಪವರ್ ಆಪ್ಷನ್ಸ್‌ಗೆ ಹೋಗಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇದ್ದದ್ದನ್ನು 99 ಮಾಡಿದರೆ ಮುಗೀತು. ಎರಡು ನಿಮಿಷದ ಕೆಲಸ.


ವ್ಯಾಟ್‌ಲೆಕ್ಕ ಉತ್ತರಿಸಿದ್ದು:

ಸದ್ದು ಇಳಿಯುತ್ತದೆ, ನಿಜ. ಆದರೆ 99 ಮಾಡಿದರೆ ಟರ್ಬೊ ಪೂರ್ತಿ ಬಂದ್. ಈ ಚಿಪ್‌ನ ಪಿ-ಕೋರ್ 4.7 ಗಿಗಾಹರ್ಟ್ಸ್‌ವರೆಗೆ ಹೋಗುವಂಥದ್ದು, ಅದು ಮೂಲವೇಗವಾದ 2.3ಕ್ಕೆ ಬಂದು ನಿಲ್ಲುತ್ತದೆ. ಜನಜಂಗುಳಿ ಇರುವ ಆಟದಲ್ಲಿ ಜಿಪಿಯು ಖಾಲಿ ಕೂತು ಫ್ರೇಮ್ ಕುಸಿಯುತ್ತದೆ. ಸಿನಿಮಾ ನೋಡುವಾಗ, ಓದುವಾಗ 99 ಇಟ್ಟುಕೊಳ್ಳಿ, ಅದಕ್ಕೆ ಬೇರೆ ಪವರ್ ಪ್ಲಾನ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಟಕ್ಕೆ 3.8ರ ಮಿತಿ ಸಾಕು.


ನಿಶ್ಶಬ್ದ ಉತ್ತರಿಸಿದ್ದು:

ಆಟ ಇಲ್ಲದಾಗಿನ ಏರಿಳಿತದ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೇರೆಯೇ ರೋಗ.

ಬ್ರೌಸರ್‌ನಲ್ಲಿ ಒಂದು ಪುಟ ತೆರೆದಾಗ ಸಿಪಿಯು ಅರೆಗಳಿಗೆ 4.7ಕ್ಕೆ ಜಿಗಿದು ಒಂದು ಕೋರ್ 85 ಡಿಗ್ರಿ ಮುಟ್ಟುತ್ತದೆ. ಲೋಹದ ತಟ್ಟೆ ಇನ್ನೂ ಬಿಸಿಯಾಗಿಯೇ ಇಲ್ಲ, ಆದರೆ ಫ್ಯಾನ್ ನಿಯಂತ್ರಕ ಆ 85 ನೋಡಿ ಓಡಲು ಶುರು ಮಾಡುತ್ತದೆ. ಹತ್ತು ಸೆಕೆಂಡ್ ಬಿಟ್ಟು ಇಳಿಯುತ್ತದೆ. ಮತ್ತೊಂದು ಪುಟ, ಮತ್ತೆ ಅದೇ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಹೀಗೆ ಏರಿಳಿಯುವುದಕ್ಕೆ ಹೊಂದಿಕೊಳ್ಳುವುದಿಲ್ಲ.

ವಿಂಡೋಸ್ 11ರ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಅಂಡ್ ಬ್ಯಾಟರಿಯಲ್ಲಿ ಪವರ್ ಮೋಡ್ ಅನ್ನು ಬೆಸ್ಟ್ ಪವರ್ ಎಫಿಶಿಯೆನ್ಸಿಗೆ ತನ್ನಿ. ಇದು ಸ್ಪೀಡ್ ಶಿಫ್ಟ್‌ನ (ಇಂಟೆಲ್ ಸಿಪಿಯು ತನ್ನ ವೇಗ ತಾನೇ ಆರಿಸುವ ವ್ಯವಸ್ಥೆ) ಇಪಿಪಿ ಅಂಕಿಯನ್ನು ಏರಿಸುತ್ತದೆ. ಆ ಅಂಕಿ 0ಯಿಂದ 255ರವರೆಗೆ: 0 ಅಂದರೆ ಚಾಟಿ ಏಟಿಗೆ ಕಾದ ಎತ್ತು, 255 ಅಂದರೆ ಮಲಗಿದ ಎಮ್ಮೆ. ಥ್ರಾಟಲ್‌ಸ್ಟಾಪ್‌ನಲ್ಲಿ ನೇರವಾಗಿ 180 ಹಾಕಿದರೂ ಸರಿ. ಪುಟ ತೆರೆಯುವ ವೇಗದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯ ಅನುಮಾನ, ಜಿಪಿಯು ಎಚ್ಚರವಾಗಿಯೇ ಇದೆಯೇ? ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಡೆಸ್ಕ್‌ಟಾಪ್ ಮೆನುವಿನಲ್ಲಿ ಜಿಪಿಯು ಚಟುವಟಿಕೆಯ ಐಕಾನ್ ಆನ್ ಮಾಡಿ. ಗಡಿಯಾರದ ಪಕ್ಕ ಅದು ಬಣ್ಣದಲ್ಲಿ ಕಂಡರೆ ಯಾರೋ ಎಬ್ಬಿಸಿಟ್ಟಿದ್ದಾರೆ ಅಂತ ಅರ್ಥ, ಮೇಲೆ ಕ್ಲಿಕ್ ಮಾಡಿದರೆ ಹೆಸರು ಹೇಳುತ್ತದೆ. ಚಲಿಸುವ ವಾಲ್‌ಪೇಪರ್, ಆಟದ ಲಾಂಚರ್, ಕೀಬೋರ್ಡ್ ದೀಪದ ತಂತ್ರಾಂಶ ಇವೇ ಸಾಮಾನ್ಯ ಕಳ್ಳರು. ಹೊರಗಿನ ಮಾನಿಟರ್ ಹಾಕಿದ್ದರಂತೂ ಕೇಳಲೇಬೇಡಿ: ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ನೇರವಾಗಿ ಎನ್‌ವಿಡಿಯಾ ಚಿಪ್‌ಗೇ ಜೋಡಿಸಿರುತ್ತದೆ. ಕೇಬಲ್ ಸಿಕ್ಕಿಸಿದ ಮೇಲೆ ಅದು ಮಲಗುವ ಮಾತೇ ಇಲ್ಲ. ಟೈಪ್-ಸಿ ಕಿಂಡಿಗಳಲ್ಲಿ ಒಂದು ಇಂಟೆಲ್ ಗ್ರಾಫಿಕ್ಸ್‌ಗೆ ಜೋಡಿಸಿದ್ದರೆ ಮಾನಿಟರ್ ಅಲ್ಲಿಗೆ ಬದಲಿಸಿ. ಮಕ್ಸ್ ಸ್ವಿಚ್ (ಪರದೆಗೆ ಯಾವ ಗ್ರಾಫಿಕ್ಸ್ ಚಿಪ್ ಅಂತ ಆರಿಸುವ ಆಯ್ಕೆ) ಇದ್ದು ಅದು ಡಿಸ್ಕ್ರೀಟ್‌ನಲ್ಲಿದ್ದರೆ ಹೈಬ್ರಿಡ್‌ಗೆ ತನ್ನಿ, ರೀಸ್ಟಾರ್ಟ್ ಕೇಳುತ್ತದೆ.

ಮರೆಯುವ ಮುನ್ನ: ಫ್ಯಾನ್ ನಿಯಂತ್ರಿಸುವ ಎರಡು ತಂತ್ರಾಂಶ ಒಟ್ಟಿಗೆ ಓಡಿಸಬೇಡಿ. ಒಂದು ಏರಿಸು ಅಂದರೆ ಇನ್ನೊಂದು ಇಳಿಸು ಅನ್ನುತ್ತದೆ, ಏರಿಳಿತಕ್ಕೆ ಅದೂ ಒಂದು ಕಾರಣ.


ಬಿಸಿಲೂರು ಬರೆದದ್ದು:

ಎಲ್ಲಾ ಮಾಡಿ ನೋಡ್ದೆ. ಬ್ರೌಸರ್ ಟೈಮ್‌ನಾಗಿನ ಏರಿಳಿತ ನಿಂತದ, ಕಳ್ಳ ಚಲಿಸೋ ವಾಲ್‌ಪೇಪರೇ ಆಗಿತ್ತು.

72 ಎಫ್‌ಪಿಎಸ್, ಪಿಎಲ್1 45, ಜಿಪಿಯು 1680 ಮೆಗಾಹರ್ಟ್ಸ್ 800 ಮಿಲಿವೋಲ್ಟ್‌ಗೆ ನಿಂತದ (1700ಕ್ಕ ಒಮ್ಮೆ ಆಟ ಬಿತ್ತು). ಕೋಣಿ 34 ಡಿಗ್ರಿ ಇದ್ದಾಗ ಒಂದು ತಾಸಿನ ಮ್ಯಾಲ:

ಜಿಪಿಯು 65 ವ್ಯಾಟ್, 74 ಡಿಗ್ರಿ, ಹಾಟ್‌ಸ್ಪಾಟ್ (ಚಿಪ್‌ನಾಗ ಅತೀ ಬಿಸಿ ಜಾಗ) 86
ಸಿಪಿಯು 42 ವ್ಯಾಟ್, ಅತೀ ಬಿಸಿ ಕೋರ್ 94, ಅತೀ ತಂಪು ಪಿ-ಕೋರ್ 75
ಫ್ಯಾನ್ 4300

ಸಪ್ಪಳ ಭಾಳ ಕಡಿಮಿ ಆಗ್ಯದ. ಆದ್ರ 42 ವ್ಯಾಟ್‌ಗೇ 94 ಯಾಕ್ರಿ?


ಸ್ಕ್ರೂಡ್ರೈವರ್ ಉತ್ತರಿಸಿದ್ದು:

ಈಗ ಬಿಚ್ಚುವ ಸಮಯ. ನಿಮ್ಮ ಅಂಕಿಗಳೇ ಹೇಳುತ್ತಿವೆ.

ಜಿಪಿಯು ಮತ್ತು ಅದರ ಹಾಟ್‌ಸ್ಪಾಟ್ ನಡುವೆ 12 ಡಿಗ್ರಿ ಅಂತರ, ಅದು ಆರೋಗ್ಯವಂತ. 20 ದಾಟಿದ್ದರೆ ಅಲ್ಲೂ ತೊಂದರೆ ಅನ್ನುತ್ತಿದ್ದೆ. ಸಿಪಿಯುನ ಪಿ-ಕೋರ್‌ಗಳ ನಡುವೆ 19 ಡಿಗ್ರಿ ಅಂತರ ಇರುವುದು, ಅದೂ ಬರೀ 42 ವ್ಯಾಟಿಗೆ, ಪೇಸ್ಟ್ ಒಂದು ಬದಿಯಲ್ಲಿ ಖಾಲಿಯಾದ ಲಕ್ಷಣ. ಬರೀ ಧೂಳಿನಿಂದ ಆಗಿದ್ದರೆ ಎಲ್ಲ ಕೋರ್ ಒಟ್ಟಿಗೆ ಏರುತ್ತಿದ್ದವು, ಜಿಪಿಯು ಕೂಡ. ಲ್ಯಾಪ್‌ಟಾಪ್‌ನಲ್ಲಿ ಚಿಪ್ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ತಾಮ್ರದ ತಟ್ಟೆ ನೇರ ಸಿಲಿಕಾನ್ ಮೇಲೆ ಕೂರುತ್ತದೆ. ಬಿಸಿಯಾದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆರಿದಾಗ ಕುಗ್ಗುತ್ತವೆ. ತೆಳುವಾದ ಪೇಸ್ಟ್ ಈ ಉಸಿರಾಟದಲ್ಲಿ ಸ್ವಲ್ಪ ಸ್ವಲ್ಪವೇ ಅಂಚಿಗೆ ತಳ್ಳಿಸಿಕೊಂಡು ಹೋಗುತ್ತದೆ. ಹಾಗಾಗಿ ಡೆಸ್ಕ್‌ಟಾಪ್‌ನಲ್ಲಿ ಹೆಸರು ಮಾಡಿದ ಪೇಸ್ಟ್ ಇಲ್ಲಿ ಕೆಲವೇ ತಿಂಗಳಲ್ಲಿ ಸೋಲುವುದುಂಟು.

ನನ್ನ ಸಲಹೆ, ಪೇಸ್ಟ್ ಬದಲು ಹನಿವೆಲ್ ಪಿಟಿಎಂ7950 ಅನ್ನುವ ಶಾಖ ದಾಟಿಸುವ ಹಾಳೆ. ತಣ್ಣಗಿದ್ದಾಗ ತೆಳು ಪ್ಲಾಸ್ಟಿಕ್‌ನಂತೆ ಗಟ್ಟಿ, 45 ಡಿಗ್ರಿ ಆಸುಪಾಸಿನಲ್ಲಿ ಮೆದುವಾಗಿ ಚಿಪ್‌ನ ಮೈಗೆ ಕಚ್ಚುತ್ತದೆ. ಪೇಸ್ಟ್‌ನಂತೆ ಬೇಗ ಹೊರಗೆ ತಳ್ಳಿಸಿಕೊಳ್ಳುವುದಿಲ್ಲ. ವಿದ್ಯುತ್ತನ್ನೂ ಹರಿಸುವುದಿಲ್ಲ, ಒಂದು ಮಿಲಿಮೀಟರ್ ಆಚೆ ಬಂದರೂ ಹಾನಿ ಇಲ್ಲ. ನಕಲಿ ಬಹಳ ಇವೆ, ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಿಸಿ.

ಬೇಕಾದ್ದು: ಪಿಎಚ್0 ಮತ್ತು ಪಿಎಚ್00 (ಸಣ್ಣ ಪ್ಲಸ್ ತಲೆಯ) ಸ್ಕ್ರೂಡ್ರೈವರ್, ಮುಚ್ಚಳ ಬಿಡಿಸಲು ಹಳೇ ಎಟಿಎಂ ಕಾರ್ಡ್, 99% ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಬಟ್ಟೆ ಅಥವಾ ಕಾಫಿ ಸೋಸುವ ಕಾಗದ, ಮೆತ್ತನೆಯ ಬಣ್ಣದ ಕುಂಚ, ಥರ್ಮಲ್ ಪುಟ್ಟಿ (ಶಾಖ ದಾಟಿಸುವ ಕಣಕದಂಥ ಮೆದು ವಸ್ತು) ಒಂದು ಡಬ್ಬಿ. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ನೀರೂ ಜಿಡ್ಡೂ ಇರುತ್ತವೆ.

ಬಿಚ್ಚುವ ಮುಂಚೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಳಿಸಿಕೊಂಡು ಸ್ಕ್ರೂಗಳ ನಕ್ಷೆ ನೋಡಿಕೊಳ್ಳಿ. ಕೆಲವದರಲ್ಲಿ ರಬ್ಬರ್ ಕಾಲಿನ ಕೆಳಗೂ ಒಂದು ಅಡಗಿರುತ್ತದೆ. ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ. ಚಾರ್ಜರ್ ತೆಗೆಯಿರಿ. ಕೆಳಗಿನ ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು ಸ್ಕ್ರೂವನ್ನು ಅದರದರ ಜಾಗದಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಕೀಬೋರ್ಡಿನ ಕಡೆಗೆ ಉಬ್ಬು ಬರುತ್ತದೆ. ಮುಚ್ಚಳ ತೆಗೆದ ತಕ್ಷಣ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಕಳಚುವುದು. ವೈರು ಹಿಡಿದು ಎಳೆಯಬೇಡಿ, ತಲೆಯನ್ನು ಉಗುರಿನಿಂದ ಎರಡೂ ಬದಿ ಸ್ವಲ್ಪ ಸ್ವಲ್ಪ ಜರುಗಿಸಿ. ಆಮೇಲೆ ಪವರ್ ಗುಂಡಿ 15 ಸೆಕೆಂಡ್ ಒತ್ತಿಹಿಡಿಯಿರಿ.

ಧೂಳು ಇರುವ ಜಾಗ ಫ್ಯಾನ್ ರೆಕ್ಕೆ ಅಲ್ಲ. ಫ್ಯಾನಿನ ಬಾಯಿ ಮತ್ತು ತೆಳುವಾದ ತಾಮ್ರದ ಎಲೆಗಳ ನಡುವೆ ಕಂಬಳಿಯಂಥ ಒಂದು ಪದರ ಕಟ್ಟಿರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಅಲ್ಲೇ ಮಡಚಿ ಕೂರುತ್ತದೆ. ಫ್ಯಾನ್ ಬಿಚ್ಚಿ, ಪದರವನ್ನು ಚಿಮಟದಿಂದ ಎತ್ತಿ ತೆಗೆಯಿರಿ. ಗಾಳಿ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಊದಿದ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳು, ಆಮೇಲೆ ಸದ್ದಿನ ಕಥೆ ಮತ್ತೆ ಮೊದಲಿನಿಂದ.

ಹೀಟ್‌ಸಿಂಕ್ (ಚಿಪ್‌ಗಳ ಶಾಖ ಎಳೆಯುವ ತಾಮ್ರದ ಜೋಡಣೆ) ಸ್ಕ್ರೂಗಳ ಪಕ್ಕ 1, 2, 3 ಅಂತ ಅಂಕಿ ಅಚ್ಚು ಹಾಕಿರುತ್ತಾರೆ. ಬಿಚ್ಚುವಾಗ ದೊಡ್ಡ ಅಂಕಿಯಿಂದ ಚಿಕ್ಕದಕ್ಕೆ, ಒಂದೊಂದಕ್ಕೆ ಅರ್ಧ ಸುತ್ತು. ಬಿಗಿಯುವಾಗ 1ರಿಂದ ಮೇಲಕ್ಕೆ, ಅದೇ ಅರ್ಧ ಸುತ್ತು. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್ ಮೂಲೆ ಬಿರುಕು ಬಿಡಬಹುದು. ಇಲ್ಲಿ ಆತುರ ಬೇಡವೇ ಬೇಡ. ಹೀಟ್‌ಸಿಂಕ್ ಏಳದಿದ್ದರೆ ಮೀಟಬೇಡಿ. ಸ್ಕ್ರೂ, ಫ್ಯಾನ್, ಬ್ಯಾಟರಿ ಎಲ್ಲ ಮತ್ತೆ ಜೋಡಿಸಿ ಲ್ಯಾಪ್‌ಟಾಪ್ ಹತ್ತು ನಿಮಿಷ ಓಡಿಸಿ, ಆರಿಸಿ, ಬ್ಯಾಟರಿ ಕಳಚಿ, ಬೆಚ್ಚಗಿರುವಾಗಲೇ ಮತ್ತೆ ಪ್ರಯತ್ನಿಸಿ.

ಎತ್ತಿದ ಮೇಲೆ ಮೊದಲು ಫೋಟೊ ತೆಗೆಯಿರಿ, ಯಾವ ಪ್ಯಾಡ್ ಎಲ್ಲಿತ್ತು ಅಂತ. ಮೆಮೊರಿ ಚಿಪ್ ಮತ್ತು ವಿದ್ಯುತ್ ಭಾಗಗಳ ಮೇಲಿನ ಬೂದು ಪ್ಯಾಡ್‌ಗಳು ಹರಿಯದಿದ್ದರೆ ಮುಟ್ಟಬೇಡಿ. ಹರಿದಿದ್ದರೆ ಹೊಸ ಪ್ಯಾಡ್ ಅಲ್ಲ, ಪುಟ್ಟಿ ಹಾಕಿ. ಇಲ್ಲಿ ಅತಿ ಹೆಚ್ಚು ಜನ ಎಡವುತ್ತಾರೆ: 1 ಮಿಲಿಮೀಟರ್ ಇದ್ದ ಜಾಗಕ್ಕೆ 1.5ರ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಅಷ್ಟು ಮೇಲೆ ನಿಂತು ಸಿಪಿಯು ಮೇಲೆ ಸರಿಯಾಗಿ ಕೂರುವುದಿಲ್ಲ, ಎಲ್ಲ ಹೊಸದು ಹಾಕಿಯೂ 100 ಡಿಗ್ರಿ. ಪುಟ್ಟಿಗೆ ಈ ತಕರಾರಿಲ್ಲ, ಒತ್ತಿದಷ್ಟು ಚಪ್ಪಟೆಯಾಗುತ್ತದೆ.

ಹಳೇ ಪೇಸ್ಟನ್ನು ಒರೆಸಿ ಚಿಪ್ ಕನ್ನಡಿಯಂತೆ ಹೊಳೆಯಬೇಕು. ಪಿಟಿಎಂ ಹಾಳೆಯನ್ನು ಕವರಿನಲ್ಲಿ ಸುತ್ತಿ ಹತ್ತು ನಿಮಿಷ ಫ್ರೀಜರ್‌ನಲ್ಲಿಡಿ. ಕಲಬುರಗಿಯ ಸೆಕೆಗೆ ಇಡಲೇಬೇಕು, ಇಲ್ಲವಾದರೆ ಮೇಲಿನ ಹಾಳೆ ಸುಲಿಯುವಾಗ ಒಳಗಿನದೂ ಜೊತೆಗೇ ಎದ್ದುಬರುತ್ತದೆ. ಚಿಪ್‌ಗಿಂತ ಎಲ್ಲ ಬದಿ ಅರ್ಧ ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಒಂದು ಬದಿಯ ಹಾಳೆ ಸುಲಿದು ಚಿಪ್ ಮೇಲಿಟ್ಟು ಬೆರಳಿನಿಂದ ಸವರಿ, ಮೇಲಿನ ಹಾಳೆಯನ್ನು ಮೂಲೆಯಿಂದ ಥಟ್ಟನೆ ಎಳೆಯಿರಿ. ಹೀಟ್‌ಸಿಂಕ್ ಎರಡಕ್ಕೂ ಒಂದೇ ಆದ್ದರಿಂದ ಜಿಪಿಯು ಮೇಲೂ ಹೊಸದೇ ಬೇಕು, ಒಮ್ಮೆ ಎತ್ತಿದ ಹಳೇ ಪೇಸ್ಟ್ ಮೇಲೆ ಮತ್ತೆ ಕೂರಿಸುವ ಹಾಗಿಲ್ಲ.

ಹಾಕಿದ ದಿನವೇ ಅಂಕಿ ನೋಡಿ ಬೈಯಬೇಡಿ. ಮೂರು ನಾಲ್ಕು ಸಲ ಚೆನ್ನಾಗಿ ಬಿಸಿಯಾಗಿ ಆರಿದ ಮೇಲೆ ಅದು ಪೂರ್ತಿ ಹರಡಿ ತೆಳುವಾಗುತ್ತದೆ.


ಕಡಲಗಾಳಿ (ಮಂಗಳೂರು) ಉತ್ತರಿಸಿದ್ದು:

ಕೂಲಿಂಗ್ ಪ್ಯಾಡ್ ಪ್ರಶ್ನೆ ಹಾಗೇ ಉಳಿಯಿತಲ್ಲ ಮಾರಾಯ್ರೆ. ಮೊದಲು ದುಡ್ಡಿಲ್ಲದ ಉಪಾಯ ಮಾಡಿ: ಹಿಂದಿನ ಎರಡು ಮೂಲೆಗೆ ಎರಡು ಮೂರು ಸೆಂಟಿಮೀಟರ್ ಎತ್ತರ ಕೊಡಿ, ಬಾಟಲಿ ಮುಚ್ಚಳ ಸಾಕು. ಗಾಳಿ ಎಳೆಯುವುದು ಕೆಳಗಿನಿಂದ, ಬಿಸಿ ಬಿಡುವುದು ಹಿಂದೆ. ಮೇಜಿಗೆ ಒತ್ತಿಕೊಂಡಿದ್ದರೆ ಬಿಟ್ಟ ಬಿಸಿಯನ್ನೇ ಮತ್ತೆ ಕುಡಿಯುತ್ತದೆ. ಹಿಂದೆ ಗೋಡೆ ಇದ್ದರೆ ಒಂದು ಗೇಣಾದರೂ ದೂರ ಇಡಿ. ಹಾಸಿಗೆ, ದಿಂಬು ಸುದ್ದಿಯೇ ಬೇಡ.

ನಾಲ್ಕೈದು ಬಣ್ಣದ ಫ್ಯಾನ್ ಇರುವ ತೆರೆದ ಪ್ಯಾಡ್‌ನಿಂದ ಸಿಗುವ ಹೆಚ್ಚಿನ ಲಾಭ ಈ ಎತ್ತರದ್ದೇ. ಸುತ್ತ ಫೋಮ್ ಪಟ್ಟಿ ಇದ್ದು ಲ್ಯಾಪ್‌ಟಾಪ್ ತಳವನ್ನು ಮುಚ್ಚಿ ಒತ್ತಡದಿಂದ ಗಾಳಿ ನೂಕುವ ಮಾದರಿ ಬೇರೆ, ಅದು ನಿಜವಾಗಿ ಇಳಿಸುತ್ತದೆ. ಆದರೆ ಅದರದ್ದೇ ಸದ್ದು ಲ್ಯಾಪ್‌ಟಾಪ್ ಸದ್ದನ್ನು ಮೀರಿಸುತ್ತದೆ. ಸದ್ದಿಗಾಗಿ ಔಷಧಿ ಕೇಳಿದವರಿಗೆ ಅದನ್ನು ಹೇಳಲಿಕ್ಕೆ ನನಗೆ ಮನಸ್ಸಿಲ್ಲ.

ನಿಮ್ಮ ಕಡೆ ನೀರಿನ ಏರ್ ಕೂಲರ್ ಇರುತ್ತದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಣಹವೆಯಲ್ಲಿ ಅದು ಕೋಣೆಯನ್ನು ಏಳೆಂಟು ಡಿಗ್ರಿ ಇಳಿಸಿದರೆ ಸಿಪಿಯು, ಜಿಪಿಯು ಎರಡೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತವೆ. ಒಂದು ರೂಪಾಯಿ ಬಿಡಿಭಾಗ ಬೇಡ. ಆದರೆ ಕೂಲರ್ ಮುಖಕ್ಕೇ ಲ್ಯಾಪ್‌ಟಾಪ್ ಇಡಬೇಡಿ. ಗಡಸು ನೀರಿನ ಹನಿ ಹಾರಿಬಂದರೆ ನೀರು ಆರಿ ಬಿಳಿ ಉಪ್ಪು ಬೋರ್ಡ್ ಮೇಲೆ ಉಳಿಯುತ್ತದೆ. ಅಡ್ಡಲಾಗಿ ಐದಾರು ಅಡಿ ದೂರ ಇರಲಿ, ಕಿಟಕಿ ಒಂದು ತೆರೆದಿರಲಿ. ನಮ್ಮ ಕರಾವಳಿಯಲ್ಲಿ ಈ ಉಪಾಯ ನಡೆಯುವುದಿಲ್ಲ, ಗಾಳಿಯೇ ನೀರು ಕುಡಿದು ಕೂತಿರುತ್ತದೆ.

ಬಿಚ್ಚಿದಾಗ ಫ್ಯಾನ್ ಕೈಯಲ್ಲಿ ತಿರುಗಿಸಿ ನೋಡಿ. ಗಾಳಿಯ ಹೂಂಕಾರ ವೇಗದ್ದು, ಅದಕ್ಕೆ ಮೇಲಿನ ಸೆಟ್ಟಿಂಗ್‌ಗಳೇ ಮದ್ದು. ಕಡಿಮೆ ವೇಗದಲ್ಲೂ ಗರಗರ ಅನ್ನುವುದು ಬೇರಿಂಗ್. ಟಕಟಕ ಅಂದರೆ ವೈರು ರೆಕ್ಕೆಗೆ ತಾಗುತ್ತಿದೆ. ಮೆನುವಿನಲ್ಲಿ ಸಣ್ಣಗೆ ಕೀಂ ಅನ್ನುವುದು ಫ್ಯಾನೇ ಅಲ್ಲ, ಬೋರ್ಡಿನ ಕಾಯಿಲ್ (ತಂತಿ ಸುರುಳಿ). ಫ್ರೇಮ್ ಮಿತಿ ಹಾಕಿದರೆ ಅದೂ ತಗ್ಗುತ್ತದೆ. ಫ್ಯಾನ್ ಬದಲಿಸಬೇಕಾದರೆ ಅದರ ಮೇಲಿನ ಚೀಟಿಯ ಪಾರ್ಟ್ ನಂಬರ್, ವೋಲ್ಟ್ ನೋಡಿ ತನ್ನಿ: 5 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ, ಎಡಬಲ ಬೇರೆ ಬೇರೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕುವುದಾದರೆ ಹಳೇ ಫ್ಯಾನನ್ನೇ ಕೈಯಲ್ಲಿ ಹಿಡಿದು ಹೋಗುವುದು ಒಳ್ಳೆಯದು.


ಬಿಸಿಲೂರು ಬರೆದದ್ದು:

ಕೂಲರ್ ವಿಚಾರ ತಲಿಗೇ ಬಂದಿದ್ದಿಲ್ಲ ನೋಡ್ರಿ. ಇನ್ನ ಎರಡೇ ಸವಾಲು. ಇಲ್ಲಿ ಒಬ್ಬ ರಿಪೇರಿಯವರು ಪಿಟಿಎಂ ಬದಲಿಗೆ ಲಿಕ್ವಿಡ್ ಮೆಟಲ್ ಹಾಕ್ತೀನಿ ಅಂತಾರ, ಹಾಕಿಸ್ಲಾ? ವಾರಂಟಿ ಇನ್ನ ಆರು ತಿಂಗಳು ಅದ, ಬಿಚ್ಚಿದ್ರ ಹೋಗ್ತದೇನು?


ಸ್ಕ್ರೂಡ್ರೈವರ್ ಉತ್ತರಿಸಿದ್ದು:

ಲಿಕ್ವಿಡ್ ಮೆಟಲ್ ಬೇಡ. ಶಾಖ ಸಾಗಿಸುವುದರಲ್ಲಿ ಅದನ್ನು ಮೀರಿಸುವ ಪೇಸ್ಟ್ ಇಲ್ಲ, ಒಪ್ಪುತ್ತೇನೆ. ಆದರೆ ಅದರಲ್ಲಿರುವುದು ಗ್ಯಾಲಿಯಂ: ಅಲ್ಯೂಮಿನಿಯಂ ಮುಟ್ಟಿದರೆ ಅದನ್ನು ತಿಂದುಹಾಕುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಹರಿದರೆ ಶಾರ್ಟ್. ಕೆಲವು ಕಂಪನಿಗಳು ಕಾರ್ಖಾನೆಯಲ್ಲೇ ಹಾಕುತ್ತವೆ, ಅಲ್ಲಿ ಚಿಪ್ ಸುತ್ತ ತಡೆಗೋಡೆ ಕಟ್ಟಿರುತ್ತಾರೆ. ನಿಮ್ಮದರಲ್ಲಿ ಅದಿಲ್ಲದೆ, ದಿನಾ ಚೀಲದಲ್ಲಿ ಹೊತ್ತು ತಿರುಗುವ ಯಂತ್ರಕ್ಕೆ ಯಾಕೆ?

ವಾರಂಟಿ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವರು ಮುಚ್ಚಳ ತೆಗೆದು ಧೂಳು ಹೊಡೆಯುವುದಕ್ಕೆ ಬೇಡ ಅನ್ನುವುದಿಲ್ಲ, ಹೀಟ್‌ಸಿಂಕ್ ಎತ್ತಿದರೆ ಮಾತ್ರ ತಕರಾರು. ಸೇವಾ ಕೇಂದ್ರಕ್ಕೆ ಫೋನ್ ಮಾಡಬೇಡಿ, ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಆ ಅಂಕಿಗಳನ್ನೂ ಕಳಿಸಿ: 42 ವ್ಯಾಟ್, ಒಂದು ಕೋರ್ 94, ಇನ್ನೊಂದು 75. "ಬಿಸಿಯಾಗುತ್ತದೆ" ಅಂದರೆ ಗೇಮಿಂಗ್ ಲ್ಯಾಪ್‌ಟಾಪ್ ಅಂದಮೇಲೆ ಅಷ್ಟೇ ಅಂತ ಸಾಗಹಾಕುತ್ತಾರೆ. ಅಂಕಿ ಎದುರಿಗಿಟ್ಟರೆ ವಾರಂಟಿಯಲ್ಲೇ ಪೇಸ್ಟ್ ಬದಲಿಸಿಕೊಡುವ ಸಾಧ್ಯತೆ ಹೆಚ್ಚು. ಆಗಲಿಲ್ಲ ಅಂದರೆ ಆರು ತಿಂಗಳು 45 ವ್ಯಾಟ್ ಮಿತಿಯಲ್ಲೇ ಆಡಿ, ಆಮೇಲೆ ಹಾಳೆ ತರಿಸಿ.


ವ್ಯಾಟ್‌ಲೆಕ್ಕ ಉತ್ತರಿಸಿದ್ದು:

ಕಾಯುವುದಾದರೆ ಪಿಎಲ್1 ಅನ್ನು 35ಕ್ಕೆ ಇಳಿಸಿ ನೋಡಿ. 72 ಎಫ್‌ಪಿಎಸ್ ಹಾಗೇ ನಿಂತರೆ ಅದನ್ನೇ ಇಟ್ಟುಕೊಳ್ಳಿ. ಬ್ಯಾಟರಿ ಚಾರ್ಜ್ ಮಿತಿಯನ್ನೂ 80%ಗೆ ಇಡಿ, ಈ ಸೆಕೆಯಲ್ಲಿ 100ರಲ್ಲೇ ಚಾರ್ಜರ್ ಹಾಕಿಟ್ಟು ಆಡಿದರೆ ಬ್ಯಾಟರಿ ಊದಿಕೊಳ್ಳುವುದು ಬೇಗ.